ಪರೀಕ್ಷೆ ಪಾಸಾದ ಬಿಡಿಭಾಗ

ಸೂರತ್ ನಗರದಿಂದ ತಾಪಿ ನದಿಯ ಬಲದಂಡೆಯ ಮೇಲೆ ಸಮುದ್ರದ ಕಡೆಗೆ ಹೊರಟರೆ ಇಚ್ಛಾಪೋರ್ ದಾಟಿದ ಮೇಲೆ ಹಜೀರಾ ಸಿಗುತ್ತದೆ. ಉಕ್ಕಿನ ಕಾರ್ಖಾನೆ, ರಸಗೊಬ್ಬರ ಕಾರ್ಖಾನೆ, ಅನಿಲ ಘಟಕ, ಬಂದರು ಎಲ್ಲವೂ ಒತ್ತೊತ್ತಾಗಿ ಕೂತ ಜಾಗ ಇದು. ಇಲ್ಲಿ 2022ರಲ್ಲಿ ಆರು ಪಥದ ರಸ್ತೆಯೊಂದು ತಯಾರಾಯಿತು. ಉದ್ದ ಸುಮಾರು ಒಂದು ಕಿಲೋಮೀಟರ್ ಅಷ್ಟೇ. ಆದರೆ ಜಲ್ಲಿಕಲ್ಲಿನ ಬದಲು ಅದಕ್ಕೆ ಹಾಕಿದ್ದು ಉಕ್ಕಿನ ಕುಲುಮೆಯಿಂದ ಹೊರಬಿದ್ದ ಕಿಟ್ಟ. ಕೇಂದ್ರ ರಸ್ತೆ ಸಂಶೋಧನಾ ಸಂಸ್ಥೆಯೂ ಅಲ್ಲಿನ ಉಕ್ಕಿನ ಕಾರ್ಖಾನೆಯೂ ಸೇರಿ ಮಾಡಿದ ಈ ಪ್ರಯೋಗ ದೇಶದಲ್ಲಿ ಮೊದಲನೆಯದು. ಹೊರೆ ಹೊತ್ತ ಟ್ರಕ್ಕುಗಳು ದಿನವಿಡೀ ಅದರ ಮೇಲೆ ಓಡಾಡಿದವು. ಮುಂದೆ ಅರುಣಾಚಲ ಪ್ರದೇಶದ ಗಡಿ ರಸ್ತೆಯೊಂದಕ್ಕೂ ಇದೇ ತಂತ್ರ ಹೋಯಿತು. ರಸ್ತೆಗೆ ಹಾಕುವ ಕಲ್ಲಿನ ಬದಲಿಗೇ ಇಷ್ಟು ಪರೀಕ್ಷೆ ಬೇಕಾಯಿತು. ಅದೇ ರಸ್ತೆಯಲ್ಲಿ ಓಡುವ ಹಳೆಯ ಹ್ಯಾಚ್‌ಬ್ಯಾಕ್ ಒಂದನ್ನು ಸ್ಪೋರ್ಟ್ಸ್ ಕಾರು ಮಾಡಲು ಹೊರಟ ಹುಡುಗರು ಮಾತ್ರ ಕೊರಿಯರ್‌ನಲ್ಲಿ ಬಂದ ಪೆಟ್ಟಿಗೆ ಬಿಚ್ಚಿ, ಒಳಗಿದ್ದ ಸ್ಪ್ರಿಂಗನ್ನೋ ಸ್ಟೀರಿಂಗ್ ಚಕ್ರವನ್ನೋ ಸಂಜೆಯೊಳಗೆ ಜೋಡಿಸಿಬಿಡುತ್ತಾರೆ. ಅದನ್ನು ಯಾರು, ಎಲ್ಲಿ, ಎಷ್ಟು ಭಾರ ಹೇರಿ ನೋಡಿದ್ದಾರೆ ಎಂಬ ಪ್ರಶ್ನೆ ಏಳುವುದೇ ಇಲ್ಲ. ಕಡಿಮೆ ದುಡ್ಡಿನಲ್ಲಿ ಕಾರು ಕಟ್ಟುವವರು ಮೊದಲು ಕೇಳಬೇಕಾದದ್ದು ಈ ಪ್ರಶ್ನೆಯನ್ನೇ ಎಂಬುದು ನನ್ನ ವಾದ. ಲೋಹ, ರಬ್ಬರು, ಕೂಲಿ ಇವಕ್ಕೆ ಹೇಗಾದರೂ ದುಡ್ಡು ಹೊಂದಿಸಬಹುದು. ಪರೀಕ್ಷೆಗೆ ಹೊಂದಿಸಲಾಗದು. ಹಾಗಾಗಿ ಬೇರೆಯವರ ಖರ್ಚಿನಲ್ಲಿ ಪರೀಕ್ಷೆ ಮುಗಿಸಿಕೊಂಡು ಬಂದ ಭಾಗಗಳನ್ನೇ ಹುಡುಕಿ ಕೊಳ್ಳಬೇಕು.

ಸ್ಪೋರ್ಟ್ಸ್ ಕಾರು ಎಂದರೆ ನಮ್ಮಲ್ಲಿ ಕಣ್ಣ ಮುಂದೆ ಬರುವುದು ಕೋಟಿ ಬೆಲೆಯ ಇಟಲಿ, ಜರ್ಮನಿಯ ಗಾಡಿಗಳು. ಆದರೆ ಅಗ್ಗದ ಸ್ಪೋರ್ಟ್ಸ್ ಕಾರಿನ ಕನಸು ಕನ್ನಡನಾಡಿಗೆ ಹೊಸದಲ್ಲ. 1990ರ ದಶಕದ ಕೊನೆಯಲ್ಲಿ ಬೆಂಗಳೂರಿನ ಸ್ಯಾನ್ ಮೋಟಾರ್ಸ್ ಕಂಪನಿ ‘ಸ್ಟಾರ್ಮ್’ ಎಂಬ ಎರಡು ಸೀಟಿನ, ಮೇಲ್ಛಾವಣಿ ತೆಗೆಯಬಹುದಾದ ಕಾರನ್ನು ಗೋವಾದಲ್ಲಿ ತಯಾರಿಸಿತು. ಮೈ ಫೈಬರ್‌ಗ್ಲಾಸಿನದು. ಎಂಜಿನ್ ಮಾತ್ರ ಸ್ವಂತದ್ದಲ್ಲ, ಫ್ರಾನ್ಸಿನ ರೆನೋ ಕಂಪನಿಯ ಸಣ್ಣ ಕಾರುಗಳಲ್ಲಿ ಓಡುತ್ತಿದ್ದ 1,149 ಸಿಸಿಯ, ಸುಮಾರು 60 ಅಶ್ವಶಕ್ತಿಯ ಎಂಜಿನ್. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇರಲಿಲ್ಲ. ಹೆಸರಾಂತ ಬ್ರಿಟಿಷ್ ಸ್ಪೋರ್ಟ್ಸ್ ಕಾರು ಲೋಟಸ್ ಎಲೀಸ್ 1996ರಲ್ಲಿ ಬಂದಾಗ ಅದರೊಳಗಿದ್ದುದೂ ರೋವರ್ ಕಂಪನಿಯ ಸಾಮಾನ್ಯ ಕಾರುಗಳ ಎಂಜಿನ್ನೇ. ಸಣ್ಣ ತಯಾರಕರಿಗೆ ಹೊಸ ಎಂಜಿನ್ನಿನ ವಿನ್ಯಾಸ ಕಾಗದದ ಮೇಲೆ ಕಷ್ಟವಲ್ಲ, ಅದನ್ನು ಲಕ್ಷಾಂತರ ಕಿಲೋಮೀಟರ್ ಓಡಿಸಿ ಎಲ್ಲಿ ಒಡೆಯುತ್ತದೆ ಎಂದು ನೋಡುವ ಖರ್ಚು ಕಷ್ಟ. ದೊಡ್ಡ ಕಂಪನಿ ಆ ಖರ್ಚನ್ನು ಲಕ್ಷಗಟ್ಟಲೆ ಕಾರುಗಳ ಮೇಲೆ ಹಂಚಿಬಿಡುತ್ತದೆ. ಸಣ್ಣವರು ಆ ಎಂಜಿನ್ ಕೊಂಡಾಗ ಪರೀಕ್ಷೆಯನ್ನೂ ಸೇರಿಸಿಯೇ ಕೊಂಡ ಹಾಗಾಯಿತು. ಒಂದೇ ಒಂದು ಕಾರು ಕಟ್ಟುವ ಹವ್ಯಾಸಿಗೆ ಈ ಲೆಕ್ಕ ಇನ್ನೂ ಬಿಗಿ.

ಗುಜರಾತಿನಲ್ಲೇ ಇದಕ್ಕೆ ಹತ್ತಿರದ ಉದಾಹರಣೆಯಿದೆ. ಅಹಮದಾಬಾದಿನ ಪಕ್ಕದ ಸಾನಂದ್‌ನಲ್ಲಿ ತಯಾರಾಗುವ ಟಾಟಾ ಟಿಯಾಗೊ ಕಾರಿಗೆ 2018ರಲ್ಲಿ ಜೆಟಿಪಿ ಎಂಬ ಜೋರಿನ ಆವೃತ್ತಿ ಬಂತು. ಕೊಯಮತ್ತೂರಿನ ಜಯೆಮ್ ಸಂಸ್ಥೆಯ ಜೊತೆ ಸೇರಿ ಟಾಟಾ ಮಾಡಿದ ಕಾರು ಅದು. ಸಾಮಾನ್ಯ ಪೆಟ್ರೋಲ್ ಟಿಯಾಗೊದ್ದು ಸುಮಾರು 84 ಅಶ್ವಶಕ್ತಿಯಾದರೆ ಇದರದ್ದು 112. ಆ ಹೆಚ್ಚುವರಿ ಶಕ್ತಿಗೆ ಹೊಸ ಎಂಜಿನ್ ಮಾಡಲಿಲ್ಲ, ನೆಕ್ಸಾನ್‌ನಲ್ಲಿದ್ದ 1.2 ಲೀಟರಿನ ಟರ್ಬೊ ಎಂಜಿನ್ನನ್ನೇ ತಂದು ಕೂರಿಸಿದರು. 15 ಇಂಚಿನ ಚಕ್ರಕ್ಕೆ 185/60 ಟೈರು ಹಾಕಿದರು. ಸಸ್ಪೆನ್ಷನ್ ಗಟ್ಟಿ ಮಾಡಿದರು, ಆದರೆ ಕಾರನ್ನು ತಗ್ಗಿಸಿದ್ದು ಕೇವಲ 4 ಮಿಲಿಮೀಟರ್. ಎಲ್ಲ ಸಲಕರಣೆ, ಎಲ್ಲ ಎಂಜಿನಿಯರುಗಳು ಕೈಯಲ್ಲಿದ್ದೂ ಕಂಪನಿ ತಗ್ಗಿಸಿದ್ದು ಬೆರಳಿನ ದಪ್ಪದಷ್ಟೂ ಇಲ್ಲ. ಗ್ಯಾರೇಜಿನಲ್ಲಿ ಸ್ಪ್ರಿಂಗ್ ಕತ್ತರಿಸಿ ಎರಡಿಂಚು ಕೆಳಗಿಳಿಸುವವರು ಇದನ್ನು ಒಮ್ಮೆ ಯೋಚಿಸಬೇಕು. ಆ ಕಾರು ಮಾರುಕಟ್ಟೆಯಲ್ಲಿ ಬಾಳಲಿಲ್ಲವಲ್ಲ ಎಂದು ಯಾರಾದರೂ ಕೇಳಬಹುದು. ನಿಜ, ಬಿಎಸ್6 ಹೊಗೆ ನಿಯಮ ಜಾರಿಯಾದ 2020ರ ಹೊತ್ತಿಗೆ ಅದು ಕಾಣೆಯಾಯಿತು. ಸಣ್ಣ ಕಾರಿಗೆ ಹೆಚ್ಚು ದುಡ್ಡು ಕೊಡಲು ಗಿರಾಕಿಗಳು ಸಿದ್ಧರಿರಲಿಲ್ಲ ಎಂಬುದಕ್ಕೆ ಅದು ಸಾಕ್ಷಿಯಾಗಬಹುದು, ಕಾರು ಕಟ್ಟಿದ ರೀತಿ ತಪ್ಪು ಎಂಬುದಕ್ಕಲ್ಲ.

ಹೀಗೆ ನೋಡಿದರೆ ಹವ್ಯಾಸಿ ಆರಿಸುವ ಮೊದಲ ಬಿಡಿಭಾಗ ಇಡೀ ಕಾರೇ. ಮೂಲ ಗಾಡಿ ತಪ್ಪಿದರೆ ಮುಂದಿನ ಎಲ್ಲ ಆಯ್ಕೆಯೂ ತಪ್ಪುತ್ತದೆ, ಮತ್ತು ಕಾರ್ಖಾನೆಗಳ ಅದೃಷ್ಟ ಹೇಗೆ ಬದಲಾಗುತ್ತದೆ ಎಂದು ಗುಜರಾತಿನಷ್ಟು ಚೆನ್ನಾಗಿ ತೋರಿಸುವ ರಾಜ್ಯ ಇನ್ನೊಂದಿಲ್ಲ. ವಡೋದರಾ ಬಳಿಯ ಹಾಲೋಲ್‌ನಲ್ಲಿ 1990ರ ದಶಕದಲ್ಲಿ ಓಪೆಲ್ ಆಸ್ಟ್ರಾ ತಯಾರಿಸಿದ ಜನರಲ್ ಮೋಟಾರ್ಸ್ 2017ರಲ್ಲಿ ಆ ಕಾರ್ಖಾನೆಯ ಬಾಗಿಲು ಹಾಕಿತು. ಈಗ ಅಲ್ಲಿ ಎಂಜಿ ಕಾರುಗಳು ತಯಾರಾಗುತ್ತವೆ. ಸಾನಂದ್‌ನಲ್ಲಿ 2015ರಿಂದ ಫಿಗೊ ತಯಾರಿಸಿದ ಫೋರ್ಡ್ 2021ರ ಸೆಪ್ಟೆಂಬರ್‌ನಲ್ಲಿ ಭಾರತದಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಹೇಳಿತು. ಆ ಕಾರ್ಖಾನೆಯನ್ನು ಟಾಟಾ ಕೊಂಡುಕೊಂಡಿತು. ಡೀಸೆಲ್ ಫಿಗೊ ಇಂದಿಗೂ ಹವ್ಯಾಸಿಗಳ ಮುದ್ದಿನ ಗಾಡಿ. 1.5 ಲೀಟರ್, ಸುಮಾರು ನೂರು ಅಶ್ವಶಕ್ತಿ, 215 ನ್ಯೂಟನ್ ಮೀಟರ್ ಟಾರ್ಕ್ ಇರುವ ಕಾರು ಸೆಕೆಂಡ್‌ಹ್ಯಾಂಡಿನಲ್ಲಿ ಅಗ್ಗಕ್ಕೆ ಸಿಗುತ್ತದೆ ಎಂದರೆ ಯಾರಿಗಾದರೂ ಆಸೆಯಾಗುತ್ತದೆ. ಆದರೆ ಅದರ ಚಕ್ರದ ನಾಲ್ಕು ಬೋಲ್ಟುಗಳ ವೃತ್ತದ ಅಳತೆ 108 ಮಿಲಿಮೀಟರ್. ನಮ್ಮ ಪೇಟೆಯಲ್ಲಿ ರಾಶಿ ಬಿದ್ದಿರುವುದು 100 ಮಿಲಿಮೀಟರಿನ ಅಲಾಯ್. ಮಾರುತಿ ಸ್ವಿಫ್ಟ್, ಟಿಯಾಗೊ ಮುಂತಾದ ಅನೇಕ ಕಾರುಗಳ ಅಳತೆ ಅದೇ. ಈ ಎಂಟು ಮಿಲಿಮೀಟರ್ ವ್ಯತ್ಯಾಸದಿಂದಲೇ ಒಬ್ಬರಿಗೆ ಹತ್ತು ಅಂಗಡಿ ತಿರುಗುವ ಕೆಲಸ, ಇನ್ನೊಬ್ಬರಿಗೆ ಹತ್ತು ನಿಮಿಷದ ಕೆಲಸ. ಗಾಡಿ ಅಗ್ಗವಾಗಿ ಸಿಕ್ಕಿತೆಂದು ಕೊಂಡರೆ ಭಾಗ ಹುಡುಕುವಾಗ ಆ ಉಳಿತಾಯ ಕರಗುತ್ತದೆ. ಅಹಮದಾಬಾದಿನಿಂದ ವಾಯವ್ಯಕ್ಕೆ ಬೆಚರಾಜಿ ಬಳಿಯ ಹಾನ್ಸಲ್‌ಪುರದಲ್ಲಿ ಸುಜುಕಿ ಕಾರ್ಖಾನೆ 2017ರಿಂದ ಬಲೆನೊವನ್ನೂ ಮರುವರ್ಷದಿಂದ ಸ್ವಿಫ್ಟನ್ನೂ ಸತತವಾಗಿ ಹೊರಗೆ ಬಿಡುತ್ತಿದೆ. ಬಜೆಟ್ ಬಿಗಿಯಿದ್ದವರು ಆ ಕಡೆ ವಾಲುವುದರಲ್ಲಿ ಜಾಣತನವಿದೆ.

ಮೂರನೇ ತಲೆಮಾರಿನ ಸ್ವಿಫ್ಟನ್ನೇ ಹಿಡಿದುಕೊಂಡು ಟೈರಿನ ಲೆಕ್ಕ ನೋಡೋಣ. ಕೆಳಗಿನ ಆವೃತ್ತಿಯ ಕಾರು ಬರುತ್ತಿದ್ದುದು 165/80 ಆರ್14 ಟೈರಿನ ಮೇಲೆ. ಟೈರಿನ ಅಗಲ 165 ಮಿಲಿಮೀಟರ್, ಪಕ್ಕದ ಗೋಡೆ ಅದರ ಶೇ 80, ಅಂದರೆ 132 ಮಿಲಿಮೀಟರ್, ಒಳಗಿನ ಚಕ್ರ 14 ಇಂಚು. ಎರಡು ಗೋಡೆ ಮತ್ತು ಚಕ್ರ ಕೂಡಿದರೆ ಒಟ್ಟು ವ್ಯಾಸ 619.6 ಮಿಲಿಮೀಟರ್. ಮೇಲಿನ ಆವೃತ್ತಿಗೆ ಅದೇ ಕಂಪನಿ ಕೊಡುತ್ತಿದ್ದುದು 185/65 ಆರ್15, ವ್ಯಾಸ 621.5. ಎರಡಕ್ಕೂ ವ್ಯತ್ಯಾಸ ಎರಡು ಮಿಲಿಮೀಟರ್ ಕೂಡ ಇಲ್ಲ. ಸ್ಪೀಡೋಮೀಟರ್ ಸುಳ್ಳು ಹೇಳುವುದಿಲ್ಲ, ಎಬಿಎಸ್ ಗೊಂದಲಕ್ಕೆ ಬೀಳುವುದಿಲ್ಲ, ಚಕ್ರ ಪೂರ್ತಿ ತಿರುಗಿದಾಗ ಒಳಗಿನ ಪ್ಲಾಸ್ಟಿಕ್ಕಿಗೆ ಉಜ್ಜುವುದಿಲ್ಲ. ಹಿಡಿತ ಮಾತ್ರ ಹೆಚ್ಚು. ಹೊಸ ಕಾರು ಕೊಂಡ ವಾರದಲ್ಲೇ ಕಂಪನಿಯ ಅಲಾಯ್ ಬಿಚ್ಚಿಸಿ ಮಿಂಚುವ ದೊಡ್ಡ ಚಕ್ರ ಹಾಕಿಸುವವರು ಪ್ರತಿ ಊರಿನಲ್ಲೂ ಇದ್ದಾರೆ. ಅವರು ಬಿಟ್ಟುಕೊಟ್ಟ ಆ 15 ಇಂಚಿನ ಸೆಟ್ಟು ಬಜೆಟ್ ಹವ್ಯಾಸಿಗೆ ಸಿಗುವ ಅತಿ ಒಳ್ಳೆಯ ಮಾಲು. ಅಂಗಡಿಯವರು 205/45 ಆರ್17 ತೋರಿಸಿ ವ್ಯಾಸ ಸರಿಹೊಂದುತ್ತದೆ ಎಂದರೆ ಅವರ ಮಾತು ಸುಳ್ಳಲ್ಲ, 616 ಮಿಲಿಮೀಟರ್ ಬರುತ್ತದೆ. ಆದರೆ ಗೋಡೆ 92 ಮಿಲಿಮೀಟರಿಗೆ ಇಳಿದಿರುತ್ತದೆ. ಹಜೀರಾ ದಾರಿಯಲ್ಲಿ ಟ್ರಕ್ಕಿನಿಂದ ಬಿದ್ದ ಕಲ್ಲಿಗೋ ಮಳೆನೀರಿನಡಿಯ ಗುಂಡಿಗೋ ಅದು ಬಡಿದರೆ ಏಟು ನೇರ ಚಕ್ರದ ಅಂಚಿಗೆ. ಚಕ್ರದ ತೂಕವೂ ಹೆಚ್ಚಿ, ಒಂಬತ್ತು ಕ್ವಿಂಟಲ್ ಆಸುಪಾಸಿನ ಕಾರಿಗೆ ಮೂಗಿಗಿಂತ ಮೂಗುತಿ ಭಾರವಾಗುತ್ತದೆ. ಕೊಳ್ಳುವ ಮುನ್ನ ಟೈರಿನ ಗೋಡೆಯ ಮೇಲೆ ಐಎಸ್ಐ ಮುದ್ರೆ, ವೇಗದ ಅಕ್ಷರ ಮತ್ತು ನಾಲ್ಕಂಕಿಯ ತಾರೀಖು ನೋಡಬೇಕು. 2324 ಎಂದಿದ್ದರೆ 2024ರ 23ನೇ ವಾರ ತಯಾರಾದದ್ದು. ಎಚ್ ಅಕ್ಷರವಿದ್ದರೆ ಗಂಟೆಗೆ 210 ಕಿಲೋಮೀಟರ್‌ವರೆಗೆ ಪರೀಕ್ಷೆಯಾದದ್ದು. ಚಕ್ರದ ಮೇಲೆ ಜಪಾನಿನ ಗುಣಮಟ್ಟದ ಗುರುತಾದ ಜೆಡಬ್ಲ್ಯುಎಲ್ ಅಚ್ಚಿದ್ದರೆ ಒಳ್ಳೆಯ ಲಕ್ಷಣ, ಆದರೆ ಅಚ್ಚು ಹಾಕುವುದೇನು ಕಷ್ಟದ ಕೆಲಸವಲ್ಲ ಎಂಬುದೂ ನೆನಪಿರಲಿ.

ಟೈರಿಗೆ ಇಷ್ಟು ಜಾಗ ಕೊಟ್ಟದ್ದಕ್ಕೆ ಕಾರಣವಿದೆ. ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ ಹೋಗುವ ಕಾರು ಬ್ರೇಕ್ ಒತ್ತಿದ ಮೇಲೆ ಎಷ್ಟು ದೂರದಲ್ಲಿ ನಿಲ್ಲುತ್ತದೆ ಎಂಬುದು ಟೈರು ಮತ್ತು ರಸ್ತೆಯ ನಡುವಿನ ಘರ್ಷಣೆಯ ಲೆಕ್ಕ. ಘರ್ಷಣೆಯ ಗುಣಾಂಕ 0.7 ಇದ್ದರೆ ಸುಮಾರು 56 ಮೀಟರ್, 0.9 ಇದ್ದರೆ ಸುಮಾರು 44. ಈ ಹನ್ನೆರಡು ಮೀಟರ್ ಎಂದರೆ ಮೂರು ಸಣ್ಣ ಕಾರುಗಳ ಉದ್ದ. ಎಂಜಿನ್ನಿಗೆ ಎಷ್ಟೇ ಸುರಿದರೂ ಈ ಹನ್ನೆರಡು ಮೀಟರ್ ಸಿಗುವುದಿಲ್ಲ. ಇನ್ನು ಬ್ರೇಕು. ಕೆಂಪು ಬಣ್ಣದ ದೊಡ್ಡ ಕ್ಯಾಲಿಪರ್ ನೋಡಲು ಚೆಂದ, ಆದರೆ ಬಜೆಟ್ ಹವ್ಯಾಸಿ ಮೊದಲು ಬದಲಿಸಬೇಕಾದದ್ದು ಕೆಲವೇ ನೂರು ರೂಪಾಯಿಯ ಬ್ರೇಕ್ ಎಣ್ಣೆ. ಡಾಟ್ 4 ದರ್ಜೆಯ ಎಣ್ಣೆ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದೆ ತಾಳಬೇಕು ಎಂಬುದು ನಿಯಮ. ಅದು ಗಾಳಿಯ ತೇವ ಹೀರುವ ದ್ರವ. ಶೇ 3.7ರಷ್ಟು ನೀರು ಸೇರಿದ ಸ್ಥಿತಿಗೆ ಅದೇ ದರ್ಜೆಯ ಕನಿಷ್ಠ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಒಂದು ಟನ್ ತೂಕದ ಕಾರನ್ನು ನೂರರ ವೇಗದಿಂದ ನಿಲ್ಲಿಸುವಾಗ ಸುಮಾರು 386 ಕಿಲೋಜೂಲ್ ಶಕ್ತಿ ಬಿಸಿಯಾಗಿ ಹೊರಹೋಗಬೇಕು. ನೂರಿಪ್ಪತ್ತರಿಂದಾದರೆ 556. ಆ ಬಿಸಿಗೆ ಎಣ್ಣೆ ಕುದ್ದು ಗುಳ್ಳೆ ಎದ್ದರೆ ಪೆಡಲ್ ಹತ್ತಿ ತುಳಿದ ಹಾಗೆ ಒಳಗಿಳಿಯುತ್ತದೆ, ಕಾರು ನಿಲ್ಲುವುದಿಲ್ಲ. ಖಂಭಾತ್ ಕೊಲ್ಲಿಯ ತೇವದ ಗಾಳಿ ಬೀಸುವ ಹಜೀರಾದಲ್ಲಿ ವರ್ಷಾನುಗಟ್ಟಲೆ ಬದಲಿಸದ ಎಣ್ಣೆಯ ಮೇಲೆ ಯಾವ ಕ್ಯಾಲಿಪರ್ ಹಾಕಿದರೂ ಅಷ್ಟೇ. ಹೊಸ ಎಣ್ಣೆ, ಕಂಪನಿಗೇ ಸರಬರಾಜು ಮಾಡುವ ತಯಾರಕರ ಪ್ಯಾಡು, ತುಕ್ಕು ಹಿಡಿದ ಡಿಸ್ಕಿದ್ದರೆ ಹೊಸ ಡಿಸ್ಕು, ಇಷ್ಟರಲ್ಲಿ ಬಹುಪಾಲು ಕೆಲಸ ಮುಗಿಯುತ್ತದೆ.

ಸಸ್ಪೆನ್ಷನ್ ವಿಷಯದಲ್ಲೂ ನನ್ನ ಮಾತು ಕೆಲವರಿಗೆ ಸಪ್ಪೆ ಅನ್ನಿಸಬಹುದು. ಎಂಬತ್ತು ಸಾವಿರ ಕಿಲೋಮೀಟರ್ ಓಡಿದ ಕಾರಿನಲ್ಲಿ ರಬ್ಬರ್ ಬುಷ್‌ಗಳು ಸೀಳಿರುತ್ತವೆ, ಶಾಕ್ ಅಬ್ಸಾರ್ಬರ್ ಎಣ್ಣೆ ಕಾರಿರುತ್ತದೆ. ಅದರ ಮೇಲೆ ಗಟ್ಟಿ ಸ್ಪ್ರಿಂಗ್ ಹಾಕಿದರೆ ಕಾರು ಕುಣಿಯುತ್ತದೆ, ತಿರುವಿನಲ್ಲಿ ಹಿಡಿಯುವುದಿಲ್ಲ. ಮೊದಲು ಬುಷ್, ಲಿಂಕ್, ಬಾಲ್ ಜಾಯಿಂಟ್, ಶಾಕ್ ಅಬ್ಸಾರ್ಬರ್ ಎಲ್ಲವನ್ನೂ ಕಂಪನಿಯ ಹೊಸ ಭಾಗಗಳಿಂದ ಬದಲಿಸಿ, ವೀಲ್ ಅಲೈನ್‌ಮೆಂಟ್ ಮಾಡಿಸಿದರೆ ಕಾರು ಹೊಸ ಕಾರಾಗುತ್ತದೆ. ಆಮೇಲೂ ಮನಸ್ಸಿದ್ದರೆ ಸ್ಪ್ರಿಂಗು. ಇದಕ್ಕೆ ಮೋಟಾರ್ ಸ್ಪೋರ್ಟಿನ ಸಾಕ್ಷಿಯೇ ಇದೆ. ಅಂತಾರಾಷ್ಟ್ರೀಯ ಆಟೊಮೊಬೈಲ್ ಒಕ್ಕೂಟ 1982ರಿಂದ ಜಾರಿಗೆ ತಂದ ಗ್ರೂಪ್ ಎನ್ ವರ್ಗದ ನಿಯಮಗಳಲ್ಲಿ ಎಂಜಿನ್ನನ್ನು ಷೋರೂಮಿನಿಂದ ಬಂದ ಹಾಗೇ ಹೆಚ್ಚುಕಡಿಮೆ ಬಿಡಬೇಕಿತ್ತು. ಬದಲಿಸಲು ಬಿಟ್ಟದ್ದು ಶಾಕ್ ಅಬ್ಸಾರ್ಬರ್, ಸ್ಪ್ರಿಂಗ್, ಬ್ರೇಕ್ ಪ್ಯಾಡು, ಟೈರು, ಸ್ಪಾರ್ಕ್ ಪ್ಲಗ್ಗಿನಂಥವನ್ನು. ಜೊತೆಗೆ ರಕ್ಷಣಾ ಪಂಜರ ಬೇಕು. ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಕೆ-1000 ರ‍್ಯಾಲಿಯಂಥ ಸ್ಪರ್ಧೆಗಳ ಮಣ್ಣು ಹಾದಿಯಲ್ಲಿ ಮಾರುತಿ ಎಸ್ಟೀಮ್, ಜಿಪ್ಸಿಗಳು ಹೆಸರು ಮಾಡಿದ್ದು ಬರೀ ಎಂಜಿನ್ ಬಲದಿಂದಲ್ಲ. ಒಳ್ಳೆಯ ಚಾಲಕರ ಕೈಯಲ್ಲಿ ಟೈರು, ಬ್ರೇಕು, ಸಸ್ಪೆನ್ಷನ್ ಸರಿಯಿದ್ದ ಸಾಧಾರಣ ಎಂಜಿನ್ನಿನ ಕಾರು ಎಷ್ಟು ಬೇಗ ಹೋಗುತ್ತದೆ ಎಂದು ತಿಳಿಯಲು ಇದಕ್ಕಿಂತ ದೊಡ್ಡ ಪ್ರಯೋಗಶಾಲೆ ಬೇಕಿಲ್ಲ.

ಇಲ್ಲಿಗೆ ಮೊದಲ ಆಕ್ಷೇಪ ಕಾದಿರುತ್ತದೆ. ಪಿಕಪ್ ಇಲ್ಲದ ಕಾರನ್ನು ಸ್ಪೋರ್ಟ್ಸ್ ಕಾರು ಎಂದು ಯಾರು ಕರೆಯುತ್ತಾರೆ? ಆಕ್ಷೇಪದಲ್ಲಿ ಹುರುಳಿದೆ, ಖುಷಿಗಾಗಿ ಕಟ್ಟುವ ಕಾರಿನಲ್ಲಿ ಖುಷಿಯನ್ನೇ ಮುಂದೂಡಿ ಎಂದು ಉಪದೇಶ ಮಾಡುವುದು ಸುಲಭ. ಆದರೆ ಅಗ್ಗದಲ್ಲಿ ಸಿಗುವ ಶಕ್ತಿಯ ಭಾಗಗಳು ನಿಜವಾಗಿ ಏನು ಕೊಡುತ್ತವೆ ಎಂದು ನೋಡಬೇಕು. ಎಲ್ಲರೂ ಮೊದಲು ಹಾಕಿಸುವುದು ಶಂಕುವಿನಾಕಾರದ ತೆರೆದ ಏರ್ ಫಿಲ್ಟರ್. ಸದ್ದು ಬದಲಾಗುತ್ತದೆ, ಆ ಸದ್ದನ್ನೇ ಜನ ಪಿಕಪ್ ಎಂದುಕೊಳ್ಳುತ್ತಾರೆ. ಕಂಪನಿಯ ಫಿಲ್ಟರ್ ಡಬ್ಬ ಹೊರಗಿನ ಗಾಳಿ ಎಳೆದರೆ ಇದು ಬಾನೆಟ್ಟಿನೊಳಗಿನ ಬಿಸಿ ಗಾಳಿ ಎಳೆಯುತ್ತದೆ. ಮೂವತ್ತು ಡಿಗ್ರಿಯ ಗಾಳಿಗೆ ಹೋಲಿಸಿದರೆ ಅರವತ್ತು ಡಿಗ್ರಿಯ ಗಾಳಿಯ ಸಾಂದ್ರತೆ ಸುಮಾರು ಶೇ 9 ಕಡಿಮೆ. ಅಷ್ಟು ಕಡಿಮೆ ಆಮ್ಲಜನಕ ಸಿಲಿಂಡರಿಗೆ ಹೋಗುತ್ತದೆ. ಕಾರ್ಖಾನೆ ಪ್ರದೇಶದ ಧೂಳಿನ ಮಾತು ಬೇರೆ. ಸೈಲೆನ್ಸರಿನ ಕೊನೆಯ ಡಬ್ಬ ಮಾತ್ರ ಬದಲಿಸಿದರೆ ಸಿಗುವುದೂ ಹೆಚ್ಚಾಗಿ ಗದ್ದಲವೇ. ಎಂಜಿನ್ನಿನ ಕಂಪ್ಯೂಟರಾದ ಇಸಿಯುವಿನ ಮರುಪ್ರೋಗ್ರಾಂ, ಅಂದರೆ ರೀಮ್ಯಾಪ್ ವಿಷಯ ಸ್ವಲ್ಪ ಬೇರೆ. ಟರ್ಬೊ ಇಲ್ಲದ ಎಂಜಿನ್ನಿನಲ್ಲಿ ಅದರಿಂದ ಸಿಗುವುದು ಚೂರುಪಾರು. ಟರ್ಬೊ ಇದ್ದರೆ ಗಾಳಿಯ ಒತ್ತಡ ಏರಿಸಿ ದೊಡ್ಡ ಜಿಗಿತವನ್ನೇ ಪಡೆಯಬಹುದು. ಆದರೆ ಆ ಹೆಚ್ಚಿದ ಒತ್ತಡ, ಬಿಸಿ, ಟಾರ್ಕುಗಳನ್ನು ಕ್ಲಚ್ಚು, ಗೇರ್‌ಬಾಕ್ಸು, ಪಿಸ್ಟನ್ನು ಎಷ್ಟು ಕಾಲ ತಾಳುತ್ತವೆ ಎಂದು ನಿಮ್ಮ ಕಾರಿನ ಮೇಲೆ ಯಾರೂ ನೋಡಿರುವುದಿಲ್ಲ. ನೋಡುವವರು ನೀವೇ, ನಿಮ್ಮ ದುಡ್ಡಿನಲ್ಲಿ. ಪೆಟ್ರೋಲೂ ಬದಲಾಗಿದೆ. ಹಜೀರಾದಲ್ಲೇ 2022ರ ಸೆಪ್ಟೆಂಬರ್‌ನಲ್ಲಿ ಕ್ರಿಭ್ಕೋ ಸಹಕಾರಿ ಸಂಸ್ಥೆಯ ಎಥನಾಲ್ ಘಟಕಕ್ಕೆ ಶಂಕುಸ್ಥಾಪನೆ ನಡೆಯಿತು. ಬಂಕುಗಳಲ್ಲಿ ಈಗ ಶೇ 20 ಎಥನಾಲ್ ಬೆರೆತ ಇ20 ಪೆಟ್ರೋಲು. ಎಥನಾಲಿನಿಂದ ಆಕ್ಟೇನ್ ಏರುತ್ತದೆ, ಅದು ಒಳ್ಳೆಯದೇ. ಆದರೆ ಲೀಟರಿಗೆ ಅದು ಕೊಡುವ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದರಷ್ಟು ಕಡಿಮೆ, ಹಾಗಾಗಿ ಅದೇ ಕೆಲಸಕ್ಕೆ ಹೆಚ್ಚು ಇಂಧನ ಚಿಮ್ಮಬೇಕು. 2023ಕ್ಕಿಂತ ಹಳೆಯ ಅನೇಕ ಕಾರುಗಳ ರಬ್ಬರ್ ಕೊಳವೆ, ಸೀಲುಗಳು ಇ20ಗೆಂದು ತಯಾರಾದವಲ್ಲ. ಅಂಥ ಕಾರಿನಲ್ಲಿ ರೀಮ್ಯಾಪಿಗೆ ಕೈ ಹಾಕುವ ಮೊದಲು ಇಂಧನದ ಕೊಳವೆ, ಪಂಪು, ಇಂಜೆಕ್ಟರ್ ಸರಿಯಾಗಬೇಕು. ಎಂಜಿನ್ನಿನ ಸರದಿ ಕೊನೆಗೆ ಬರಲಿ ಎನ್ನುವುದಕ್ಕೆ ಕಾರಣ ಇಷ್ಟೇ: ಪರೀಕ್ಷೆಯಾಗದ ಭಾಗ ಕೈಕೊಟ್ಟರೆ ಅತಿ ದುಬಾರಿಯಾಗುವ ಜಾಗ ಅದು.

ಎರಡನೆಯ ಆಕ್ಷೇಪ ಹಜೀರಾದಲ್ಲೇ ಹುಟ್ಟುವಂಥದ್ದು, ನನಗೆ ಅತಿ ಆಸಕ್ತಿಕರವಾದದ್ದೂ ಹೌದು. ಇಷ್ಟು ಒಳ್ಳೆಯ ವೆಲ್ಡರುಗಳು, ಫಿಟ್ಟರುಗಳು, ಲೇತ್ ಕೆಲಸದವರು ಒಂದೇ ಕಡೆ ಇರುವಾಗ ಹೊರಗಿನಿಂದ ಭಾಗ ತರುವುದೇಕೆ, ಇಲ್ಲೇ ಮಾಡಿಸಬಾರದೇ? ಫ್ರಾನ್ಸಿನಲ್ಲಿ ಕಟ್ಟುತ್ತಿರುವ ಐಟಿಇಆರ್ ಸಮ್ಮಿಳನ ರಿಯಾಕ್ಟರಿನ ಸುತ್ತ ಕೂರುವ ಕ್ರಯೊಸ್ಟ್ಯಾಟ್ ಎಂಬ ಸ್ಟೇನ್‌ಲೆಸ್ ಸ್ಟೀಲಿನ ಭಾರೀ ಪಾತ್ರೆಯ ತುಂಡುಗಳು ತಯಾರಾದದ್ದು ಹಜೀರಾದ ಎಲ್ ಅಂಡ್ ಟಿ ಕಾರ್ಖಾನೆಯಲ್ಲಿ. ಸುಮಾರು 30 ಮೀಟರ್ ಎತ್ತರ, ಅಷ್ಟೇ ಅಗಲ, 3,850 ಟನ್ ತೂಕ. ಅಂಥ ಕೈಗಳಿಗೆ ಕಾರಿನ ಸಸ್ಪೆನ್ಷನ್ ಆರ್ಮ್ ಒಂದು ಲೆಕ್ಕವೇ? ಕೈಯ ಕೌಶಲದ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಅಂಥ ಪಾತ್ರೆಯ ಬೆಸುಗೆಯ ಹಿಂದೆ ತಟ್ಟೆಯ ಲೋಹದ ಪ್ರಮಾಣಪತ್ರವಿರುತ್ತದೆ, ಬೆಸುಗೆಯ ವಿಧಾನಕ್ಕೆ ಮೊದಲೇ ಒಪ್ಪಿಗೆಯಿರುತ್ತದೆ, ಆಮೇಲೆ ಕಿರಣ ಹಾಯಿಸಿ, ಶ್ರವಣಾತೀತ ಅಲೆ ಕಳಿಸಿ ಒಳಗಿನ ಬಿರುಕು ಹುಡುಕುತ್ತಾರೆ. ಅದೇ ವೆಲ್ಡರ್ ಪಾಳಿ ಮುಗಿಸಿ ಬಂದು ಗ್ಯಾರೇಜಿನಲ್ಲಿ ಹಾಕಿದ ಬೆಸುಗೆಗೆ ಇದು ಯಾವುದೂ ಇಲ್ಲ. ಸಸ್ಪೆನ್ಷನ್ ಆರ್ಮ್ ಒಂದೇ ಏಟಿಗೆ ಮುರಿಯುವುದು ಅಪರೂಪ. ಸಣ್ಣ ಸಣ್ಣ ಕುಲುಕಾಟ ಲಕ್ಷಾಂತರ ಸಲ ಬಿದ್ದು ಬೆಸುಗೆಯ ಅಂಚಿನಲ್ಲಿ ಕೂದಲೆಳೆಯ ಬಿರುಕು ಹುಟ್ಟಿ, ಕಣ್ಣಿಗೆ ಬೀಳದೆ ಬೆಳೆದು, ಒಂದು ದಿನ ತುಂಡಾಗುತ್ತದೆ. ಎಕ್ಸಾಸ್ಟಿನ ಕೊಳವೆ ಜೋಡಣೆ, ಬ್ಯಾಟರಿಯ ತಟ್ಟೆ, ಎಂಜಿನ್ನಿನ ಕೆಳಗಿನ ರಕ್ಷಣಾ ಫಲಕ ಇವೆಲ್ಲ ಊರಿನಲ್ಲೇ ಮಾಡಿಸಲು ಹೇಳಿ ಮಾಡಿಸಿದ ಕೆಲಸಗಳು. ಒಡೆದರೂ ಪ್ರಾಣಕ್ಕೆ ಬರುವುದಿಲ್ಲ, ಹೊರಗೆ ಕೊಳ್ಳುವುದಕ್ಕಿಂತ ಚೆನ್ನಾಗಿಯೂ ಬರಬಹುದು. ಸ್ಟೀರಿಂಗು, ಸಸ್ಪೆನ್ಷನ್ನು, ಬ್ರೇಕು, ಸೀಟ್ ಬೆಲ್ಟಿನ ಹಿಡಿತದ ಜಾಗ ಇವಕ್ಕೆ ಗ್ಯಾರೇಜಿನ ಬೆಸುಗೆ ಬೇಡ.

ಮೂರನೆಯ ಆಕ್ಷೇಪ ದುಡ್ಡಿನದು: ಕಂಪನಿ ಭಾಗದ ಕಾಲು ಬೆಲೆಗೆ ಅದೇ ಆಕಾರದ ಭಾಗ ಸಿಗುತ್ತದೆ, ಎರಡೂ ಒಂದೇ ಕಾರ್ಖಾನೆಯಲ್ಲಿ ತಯಾರಾಗುತ್ತವಂತೆ. ಈ ‘ತಯಾರಾಗುತ್ತವಂತೆ’ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಸೂರತ್ತಿನ ಗಲ್ಲಿಯವರೆಗೆ ಎಲ್ಲ ಅಂಗಡಿಗಳಲ್ಲೂ ಕೇಳಿಬರುತ್ತದೆ. ಒಂದೇ ಕಾರ್ಖಾನೆಯದ್ದೇ ಇರಲಿ, ಒಂದೇ ಅಚ್ಚಿನದ್ದೇ ಇರಲಿ, ತಪಾಸಣೆಯಲ್ಲಿ ತಿರಸ್ಕಾರವಾದದ್ದು ಯಾವ ಬಾಗಿಲಿನಿಂದ ಹೊರಹೋಯಿತು ಎಂಬುದೇ ಮುಖ್ಯ. ಹಾಗೆಂದು ಕಾರು ಕಂಪನಿಯ ಡಬ್ಬದಲ್ಲೇ ಕೊಳ್ಳಬೇಕೆಂದೇನೂ ಇಲ್ಲ. ಕಾರು ಕಂಪನಿಗಳಿಗೆ ಭಾಗ ಕೊಡುವ ಬಾಷ್, ಬ್ರೇಕ್ಸ್ ಇಂಡಿಯಾ, ರಾಣೆ, ಗೇಬ್ರಿಯಲ್‌ನಂಥ ತಯಾರಕರು ಅದೇ ಗುಣಮಟ್ಟದ ಮಾಲನ್ನು ಸ್ವಂತ ಹೆಸರಿನಲ್ಲೂ ಮಾರುತ್ತಾರೆ, ಸಾಮಾನ್ಯವಾಗಿ ಕಡಿಮೆ ಬೆಲೆಗೆ. ಬಜೆಟ್ ಹವ್ಯಾಸಿಯ ಪುಣ್ಯಕ್ಷೇತ್ರ ಈ ಮಧ್ಯದ ಜಾಗವೇ. ಡೂಪ್ಲಿಕೇಟ್ ಹಾವಳಿ ಇರುವುದರಿಂದ ಹೊಲೊಗ್ರಾಂ, ಮುದ್ರಿತ ಬೆಲೆ, ಭಾಗದ ಸಂಖ್ಯೆ ನೋಡಿ, ಜಿಎಸ್‌ಟಿ ಬಿಲ್ಲು ಕೇಳಿ ಪಡೆಯಬೇಕು. ಬಿಲ್ಲು ಬೇಡವೆಂದರೆ ಕಡಿಮೆ ಮಾಡುತ್ತೇವೆ ಎನ್ನುವ ಅಂಗಡಿಯಲ್ಲಿ ಬ್ರೇಕ್ ಪ್ಯಾಡ್ ಕೊಳ್ಳದಿರುವುದು ಒಳ್ಳೆಯದು. ಗುಜರಿಯ ಮಾಲಿನಲ್ಲೂ ವಿವೇಚನೆ ಬೇಕು. ಸೀಟು, ಡ್ಯಾಶ್‌ಬೋರ್ಡು, ಬಾಗಿಲು, ಕನ್ನಡಿ, ಬಾಗಿರದ ಅಲಾಯ್ ಇವನ್ನು ಗುಜರಿಯಿಂದ ತಂದರೆ ನಷ್ಟವಿಲ್ಲ. ಏರ್‌ಬ್ಯಾಗು, ಸೀಟ್ ಬೆಲ್ಟು, ಸ್ಟೀರಿಂಗ್ ಜೋಡಣೆ ಇವು ಯಾವ ಅಪಘಾತದ ಕಾರಿನಿಂದ ಬಂದವು ಎಂದು ಹೇಳುವವರಿಲ್ಲ.

ಕಾನೂನಿನ ವಿಷಯವನ್ನು ಹವ್ಯಾಸಿಗಳು ಕಿರಿಕಿರಿ ಎಂದು ತಳ್ಳಿಹಾಕುತ್ತಾರೆ, ನನಗೆ ಅದು ಇದೇ ವಾದದ ಮುಂದುವರಿಕೆಯಾಗಿ ಕಾಣುತ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿ ನಮೂದಾದ ವಿವರಗಳು ತಯಾರಕರು ಮೂಲದಲ್ಲಿ ಕೊಟ್ಟ ವಿವರಗಳಿಗಿಂತ ಬೇರೆಯಾಗುವಂತೆ ವಾಹನ ಬದಲಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆವಾಸ ಅಥವಾ ಎರಡನ್ನೂ ಇಟ್ಟಿತು. ತಯಾರಕರ ವಿನ್ಯಾಸಕ್ಕೆ ಮಾದರಿ ಪರೀಕ್ಷೆಯಾಗಿದೆ, ನಿಮ್ಮದಕ್ಕೆ ಆಗಿಲ್ಲ ಎಂಬುದೇ ಈ ನಿಯಮದ ಹಿಂದಿನ ತರ್ಕ. ಬುಷ್, ಪ್ಯಾಡು, ಎಣ್ಣೆ, ಅದೇ ಮಾದರಿಯ ಮೇಲಿನ ಆವೃತ್ತಿಯ ಚಕ್ರ ಹಾಕಿಸಿದವರಿಗೆ ಇದರಿಂದ ತೊಂದರೆ ಬರುವ ಸಂಭವ ತೀರಾ ಕಡಿಮೆ. ಕ್ಯಾಟಲಿಟಿಕ್ ಕನ್ವರ್ಟರ್ ಕಿತ್ತವರಿಗೆ, ಎಂಜಿನ್ ಬದಲಿಸಿ ಸುಮ್ಮನಿದ್ದವರಿಗೆ, ಗುಡುಗುವ ಸೈಲೆನ್ಸರ್ ಹಾಕಿದವರಿಗೆ ಇದೆ. ಹಜೀರಾದಲ್ಲಿ ಕೆಲಸಕ್ಕಿರುವ ಕನ್ನಡಿಗರಿಗೆ ಇನ್ನೊಂದು ಸೂಕ್ಷ್ಮವಿದೆ. ಕೆಎ ನೋಂದಣಿಯ ಕಾರನ್ನು ಬೇರೆ ರಾಜ್ಯದಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಅಲ್ಲಿನ ಸಂಖ್ಯೆಗೆ ಬದಲಿಸಿಕೊಳ್ಳಬೇಕು. ಕರ್ನಾಟಕದ ಆರ್‌ಟಿಒದಿಂದ ಎನ್‌ಒಸಿ ತಂದು ಸೂರತ್ತಿನಲ್ಲಿ ಜಿಜೆ-05 ಸಂಖ್ಯೆ ಪಡೆಯಲು ಹೋದಾಗ ಗಾಡಿಯ ತಪಾಸಣೆಯಾದರೆ ಮಾಡಿಸಿದ ಆಲ್ಟರೇಷನ್ ಎಲ್ಲ ಅಲ್ಲಿ ಬಯಲಿಗೆ ಬರುತ್ತದೆ. ವಿಮೆಯ ಕಂಪನಿಗೆ ಹೇಳದೆ ಮಾಡಿದ ಬದಲಾವಣೆ ಕ್ಲೇಮಿನ ಹೊತ್ತಿಗೆ ಎದ್ದುಬರುತ್ತದೆ.

ಕೊನೆಗೆ ದುಡ್ಡಿನ ಹಂಚಿಕೆ. ಕಾರಿನ ಬೆಲೆ ಬಿಟ್ಟು ಒಂದು ಲಕ್ಷ ರೂಪಾಯಿ ಕೈಯಲ್ಲಿದೆ ಎಂದಿಟ್ಟುಕೊಂಡರೆ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಟೈರು, ಬ್ರೇಕು, ಸಸ್ಪೆನ್ಷನ್ನಿನ ದುರಸ್ತಿಗೆ ಹೋಗಲಿ. ಕಾಲು ಭಾಗ ಮುಟ್ಟದೆ ಇಡಬೇಕು, ಏಕೆಂದರೆ ಹಳೆಯ ಗಾಡಿ ಬಿಚ್ಚಿದಾಗ ಒಳಗೆ ಏನು ಕಾಣುತ್ತದೆ ಎಂದು ಯಾರಿಗೂ ಗೊತ್ತಿರುವುದಿಲ್ಲ, ಸಮುದ್ರದ ಉಪ್ಪುಗಾಳಿಯ ಊರಿನಲ್ಲಂತೂ ತುಕ್ಕು ಹಿಡಿದ ಬೋಲ್ಟು ಬಿಚ್ಚುವುದೇ ಒಂದು ದಿನದ ಕೂಲಿ. ಉಳಿದ ಪಾಲು ಒಳ್ಳೆಯ ಸೀಟಿಗೋ, ಹಿಡಿಯಲು ಹಿತವಾದ ಗೇರ್ ಲಿವರಿಗೋ, ಆಸೆಪಟ್ಟ ಬಣ್ಣಕ್ಕೋ ಹೋದರೆ ತಪ್ಪಿಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಕೆಲವು ನೂರು ಕಿಲೋಮೀಟರ್ ಓಡಿಸಿ ನೋಡಿ, ಮುಂದಿನದಕ್ಕೆ ಹೋದರೆ ಯಾವುದರಿಂದ ಏನಾಯಿತು ಎಂದು ತಿಳಿಯುತ್ತದೆ. ನಾಲ್ಕು ಭಾಗ ಒಟ್ಟಿಗೆ ಹಾಕಿಸಿದರೆ ಕಾರು ಎಡಕ್ಕೆ ಎಳೆಯುವುದು ಯಾವುದರಿಂದ ಎಂದು ಹುಡುಕಲು ಮತ್ತೆ ನಾಲ್ಕನ್ನೂ ಬಿಚ್ಚಬೇಕು. ವೇಗದ ಹುಚ್ಚು ತೀರಿಸಿಕೊಳ್ಳಲು ಸೂರತ್–ಹಜೀರಾ ರಸ್ತೆ ಜಾಗವಲ್ಲ, ಅದು ಟ್ರಕ್ಕುಗಳದ್ದು. ಅದಕ್ಕೆಂದೇ ಚೆನ್ನೈ ಬಳಿಯ ಇರುಂಗಾಟ್ಟುಕೋಟೈ, ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇನಂಥ ಟ್ರ್ಯಾಕುಗಳಿವೆ. ಅಲ್ಲಿ ಗೇಟಿನೊಳಗೆ ಬಿಡುವ ಮೊದಲು ಕಾರನ್ನು ಪರಿಶೀಲಿಸುವವರು ನೋಡುವುದು ಟೈರಿನ ಅಚ್ಚು ಉಳಿದಿದೆಯೇ, ಬ್ರೇಕ್ ಪೆಡಲ್ ಗಟ್ಟಿಯಿದೆಯೇ, ಎಣ್ಣೆ ಎಲ್ಲಾದರೂ ಸೋರುತ್ತಿದೆಯೇ, ಬ್ಯಾಟರಿ ಬಿಗಿಯಾಗಿ ಕೂತಿದೆಯೇ, ಸೀಟ್ ಬೆಲ್ಟು ಹಿಡಿಯುತ್ತದೆಯೇ ಎಂಬುದನ್ನು.